ಕಿಕ್ ಸ್ಯಾಂಪಲ್ ಸ್ಟಿರಿಯೊ ಇರ್ಬೇಕಾ, ಮೊನೊ ಇರ್ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ ಕಲಬುರಗಿ, ಬೀದರ್, ಯಾದಗಿರಿ ಕಡಿ ಈಗ ಮನ್ಯಾಗೇ ಲ್ಯಾಪ್‌ಟಾಪ್ ಇಟ್ಕೊಂಡು ಬೀಟ್ ಮಾಡೋ ಹುಡುಗ್ರು ಭಾಳ ಆಗ್ಯಾರ. ಜಾನಪದ ಹಾಡು, ಭಜನಿ ಟ್ರ್ಯಾಕ್, ಮೊಹರಂ ಪದಕ್ಕ ಬೀಟ್ ಕೂಡ್ಸೋದು, ಡಿಜೆ ಮಿಕ್ಸ್, ಎಲ್ಲಾ ಇಲ್ಲೇ ತಯಾರಾಗ್ತಾವ. ಆದ್ರ ಕಿಕ್, ಅಂದ್ರ ಬೀಟ್‌ನ್ಯಾಗ ಧಮ್ ಅಂತ ಬಡಿಯೋ ದಪ್ಪ ಡ್ರಮ್ ಸದ್ದು, ಅದರ ವಿಷಯಕ್ಕ ಬಂದ್ರ ಎಲ್ಲಾರೂ ಅವೇ ಪ್ರಶ್ನೆ ಕೇಳ್ತಾರ, ಹೆಡ್‌ಫೋನ್‌ನ್ಯಾಗ ಧಮ್ ಅಂತದ ಅಣ್ಣಾ ಆದ್ರ ಬಾಕ್ಸ್‌ಗೆ ಹಾಕಿದ್ರ ಎಲ್ಲಿ ಹೋಯ್ತೋ ಗೊತ್ತಾಗಂಗಿಲ್ಲ ಅಂತ. ಅವಕ್ಕೆಲ್ಲ ಒಂದೇ ಕಡಿ ಉತ್ತರ ಬರ್ದಿಟ್ಟೀನಿ.

ಪೈಲೆ ಇದು ಹೇಳ್ರಿ, ಮೊನೊ ಕಿಕ್‌ಗೂ ಸ್ಟಿರಿಯೊ ಕಿಕ್‌ಗೂ ಫರಕ್ ಏನು?

ಮೊನೊ ಫೈಲ್‌ನ್ಯಾಗ ಒಂದೇ ಚಾನೆಲ್ ಇರ್ತದ, ಅದೇ ಎರಡೂ ಸ್ಪೀಕರ್‌ನಿಂದ ಸಮ ಬರ್ತದ, ಅದಕ್ಕೇ ಸದ್ದು ಬರೋಬ್ಬರಿ ನಡುವ ಕುಂತಂಗ ಕೇಳ್ಸ್ತದ. ಸ್ಟಿರಿಯೊ ಫೈಲ್‌ನ್ಯಾಗ ಎಡಕ್ಕ ಒಂದು ಬಲಕ್ಕ ಒಂದು ಚಾನೆಲ್. ಅವೆರಡೂ ಒಂದೇ ಇರಬಹುದು, ಜರಾ ಬ್ಯಾರೆ ಇರಬಹುದು, ಪೂರಾ ಬ್ಯಾರೆನೂ ಇರಬಹುದು. ಫೈಲ್ ಸ್ಟಿರಿಯೊ ಅದ ಅಂದ ಮಾತ್ರಕ್ಕ ಸದ್ದು ಅಗಲ ಅದ ಅಂತ ತಿಳ್ಕೋಬ್ಯಾಡ್ರಿ.

ನನ್ ಸ್ಯಾಂಪಲ್ ಪ್ಯಾಕ್‌ನ್ಯಾಗ (ಬೀಟ್‌ಗೆ ಹಾಕೋ ತಯಾರ್ ಸದ್ದಿನ ತುಣುಕುಗಳ ಗಂಟು) ಎಲ್ಲಾ ಕಿಕ್ ಸ್ಟಿರಿಯೊನೇ ಅವ. ಎಲ್ಲಾ ಒಮ್ಮಿಗೇ ಮೊನೊ ಮಾಡಿಬಿಡ್ಲಾ?

ಬ್ಯಾಡ್ರಿ. ಒಳಗ ಏನದ ಅಂತ ನೋಡಿ ಆಮ್ಯಾಲ ಮಾಡ್ರಿ. ಯಾಕಂದ್ರ ಸ್ಟಿರಿಯೊ ಕಿಕ್ ಅನ್ನೋದ್ರಾಗ ಮೂರು ಥರ ಬರ್ತಾವ, ಮೂರಕ್ಕೂ ಬ್ಯಾರೆ ಬ್ಯಾರೆ ಔಷಧ.

ಒಂದು, ಹೆಸರಿಗೆ ಮಾತ್ರ ಸ್ಟಿರಿಯೊ. ಎಡಕ್ಕಿರೋದೇ ಬಲಕ್ಕೂ ಕಾಪಿ ಆಗಿರ್ತದ. ಪ್ಯಾಕ್ ಮಾಡೋರು ಎಲ್ಲಾ ಸ್ಯಾಂಪಲ್‌ನೂ ಸ್ಟಿರಿಯೊ ಟ್ರ್ಯಾಕ್‌ನಿಂದ ಎಕ್ಸ್‌ಪೋರ್ಟ್ ಮಾಡ್ತಾರ, ಅದಕ್ಕ ಹಿಂಗಾಗ್ತದ. ನಿಮ್ ಪ್ಯಾಕ್‌ನ್ಯಾಗ ಇಂಥವೇ ಜಾಸ್ತಿ ಸಿಗ್ತಾವ ನೋಡ್ರಿ. ಇವನ್ನ ಮೊನೊ ಮಾಡಿದ್ರೂ ಅದೇ, ಬಿಟ್ರೂ ಅದೇ, ಕಿವಿಗೇನೂ ಫರಕ್ ಬರಂಗಿಲ್ಲ.

ಎರಡು, ಬುಡ ಅಂದ್ರ ಕೆಳಗಿನ ದಪ್ಪ ಸದ್ದು ನಡುವ ಇದ್ದು ಮ್ಯಾಲಿನ ಸದ್ದು ಅಷ್ಟೇ ಅಗಲ ಇರೋದು. ಧಮ್ ಅನ್ನೋದು ಎರಡೂ ಕಡಿ ಒಂದೇ ಇರ್ತದ, ಟಕ್ ಅನ್ನೋ ಕ್ಲಿಕ್ಕು ಇಲ್ಲಾ ಹಿಂದಿನ ರೂಮಿನ ಗುಂಗು ಮಾತ್ರ ಎಡ ಬಲ ಬ್ಯಾರೆ ಇರ್ತದ. ಇದು ಛಲೋ ಮಾಡಿದ ಸ್ಯಾಂಪಲ್. ಇದನ್ನ ಕಣ್ಣು ಮುಚ್ಚಿ ಮೊನೊ ಮಾಡಿದ್ರ ಮಾಡ್ದೋರ ಮೆಹನತ್ ಹಾಳು ಮಾಡಿದಂಗ.

ಮೂರು, ಬುಡನೇ ಎಡಕ್ಕೊಂದು ಬಲಕ್ಕೊಂದು ಇರೋದು. ಯಾರೋ ಸದ್ದು ಅಗಲ ಮಾಡೋ ಸ್ಟಿರಿಯೊ ವೈಡ್ನರ್ ಹಾಕಿರ್ತಾರ, ಕೋರಸ್ ಅನ್ನೋ ಎಫೆಕ್ಟ್ ಹಾಕಿರ್ತಾರ, ಇಲ್ಲಾ ದೂರ ದೂರ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿರ್ತಾರ. ಹೆಡ್‌ಫೋನ್‌ನ್ಯಾಗ ಭಾರಿ ದೊಡ್ಡದು ಅನ್ನಿಸ್ತದ, ಎಲ್ಲಾ ತ್ರಾಸ ಇದ್ರಿಂದನೇ.

ನಂದು ಯಾವ ಥರದ್ದು ಅಂತ ಹ್ಯಾಂಗ ಗುರ್ತ ಹಿಡಿಯೋದು?

ಕಣ್ಣಿಲೆ ವೇವ್‌ಫಾರ್ಮ್ ನೋಡಿ ಹೇಳೋದು ಕಷ್ಟ, ಸಣ್ಣ ಫರಕ್ ಕಾಣಂಗಿಲ್ಲ. ಪಕ್ಕಾ ಪರೀಕ್ಷಾ ಅಂದ್ರ ಇದು. ಸ್ಟಿರಿಯೊ ಸ್ಯಾಂಪಲ್‌ನ ಎಡ ಚಾನೆಲ್ ಒಂದು ಟ್ರ್ಯಾಕ್, ಬಲ ಚಾನೆಲ್ ಒಂದು ಟ್ರ್ಯಾಕ್ ಮಾಡ್ರಿ, ಎರಡೂ ನಡುವ ಪ್ಯಾನ್ ಮಾಡ್ರಿ (ಪ್ಯಾನ್ ಅಂದ್ರ ಸದ್ದನ್ನ ಎಡಕ್ಕೋ ಬಲಕ್ಕೋ ನಡುವೋ ಇಡೋದು), ಒಂದರ ಪೊಲಾರಿಟಿ ಉಲ್ಟಾ ಮಾಡಿ, ಅಂದ್ರ ಅಲಿ ಏರೋದು ಇಳಿಯಂಗ, ಇಳಿಯೋದು ಏರಂಗ ತಿರುವಿ, ಕೂಡಿಸಿ ಕೇಳ್ರಿ. ಬಿಲ್ಕುಲ್ ಸದ್ದೇ ಬರ್ಲಿಲ್ಲ ಅಂದ್ರ ಎರಡೂ ಒಂದೇ, ಹೆಸರಿಗೆ ಸ್ಟಿರಿಯೊ. ಬರೇ ಚಿಟ್ ಚಿಟ್ ಇಲ್ಲಾ ಗುಂಗು ಉಳೀತು ಅಂದ್ರ ಎರಡನೇ ಥರ. ಧಮ್ಮೇ ಉಳೀತು ಅಂದ್ರ ಮೂರನೇದು, ಹುಷಾರ್ ಆಗ್ರಿ.

ಆಡಾಸಿಟಿ ಪುಕ್ಕಟೆ ಸಿಗ್ತದ, ಅದ್ರಾಗೇ ಆಗ್ತದ ಇದು. ಟ್ರ್ಯಾಕ್ ಹೆಸರಿನ ಮೆನುದಾಗ ಸ್ಪ್ಲಿಟ್ ಸ್ಟಿರಿಯೊ ಟು ಮೊನೊ ಒತ್ರಿ, ಒಂದನ್ನ ಆಯ್ಕೊಂಡು ಇನ್ವರ್ಟ್ ಎಫೆಕ್ಟ್ ಹಾಕ್ರಿ, ಪ್ಲೇ ಒತ್ರಿ.

ಮೀಟರ್ ಬೇಕಂದ್ರ ವೋಕ್ಸೆಂಗೊ ಸ್ಪ್ಯಾನ್ ಅನ್ನೋ ಪ್ಲಗಿನ್ (ಬೀಟ್ ಸಾಫ್ಟ್‌ವೇರ್‌ಗೆ ಕೂಡ್ಸೋ ಸಣ್ಣ ಪ್ರೋಗ್ರಾಂ) ಅದ, ಅದೂ ಪುಕ್ಕಟೆ, ಅದ್ರಾಗ ಕೋರಿಲೇಷನ್ ಮೀಟರ್ ಅದ. +1 ಅಂದ್ರ ಎರಡೂ ಚಾನೆಲ್ ಒಂದೇ ಚಾಲ್ ನಡ್ಯಾಕತ್ತಾವ, 0 ಅಂದ್ರ ಒಂದಕ್ಕೊಂದು ಸಂಬಂಧ ಇಲ್ಲ, −1 ಅಂದ್ರ ಪೂರಾ ಉಲ್ಟಾ. ಕಿಕ್ ಬಡಿಯೋ ಹೊತ್ತಿಗೆ ಮುಳ್ಳು +1ರ ಹತ್ರ ಇರ್ಬೇಕು. ಸೊನ್ನಿ ಕೆಳಗ ಇಳೀತು ಅಂದ್ರ ಆ ಕಿಕ್ ಮೊನೊದಾಗ ಸೊರಗ್ತದ. ಇನ್ನೊಂದು, ಮೀಟರ್ ಮುಂದ ಒಂದು ಇಕ್ಯೂ (ಸದ್ದಿನ ದಪ್ಪ, ಸಣ್ಣ ಭಾಗ ಏರ್ಸೋ ಇಳ್ಸೋ ಸಾಧನ) ಇಟ್ಟು 150 ಹರ್ಟ್ಜ್ ಮ್ಯಾಲಿಂದೆಲ್ಲಾ ಕಟ್ ಮಾಡಿ ನೋಡ್ರಿ, ಆಗ ಬುಡದ ಹಾಲ್ ಅಷ್ಟೇ ತೋರಿಸ್ತದ. ಇಲ್ಲಂದ್ರ ಮ್ಯಾಲಿನ ಕ್ಲಿಕ್ಕು, ಗುಂಗು ಎಲ್ಲಾ ಕೂಡಿ ಮುಳ್ಳು ಕುಣೀತದ, ನಿಮ್ಗೂ ಗೊಂದಲ.

ಕಿಕ್ ನಡುವನೇ ಯಾಕ ಇರ್ಬೇಕು? ಅಗಲ ಇದ್ರ ಏನಾಯ್ತು?

ಕಿಕ್‌ನ ಮುಖ್ಯ ತಾಕತ್ತು ಸುಮಾರಾಗಿ 40ರಿಂದ 100 ಹರ್ಟ್ಜ್ ನಡುವ ಇರ್ತದ. 50 ಹರ್ಟ್ಜ್ ಸದ್ದಿನ ಒಂದು ಅಲಿ ಸುಮಾರು 6.9 ಮೀಟರ್ ಉದ್ದ, ನಮ್ ಮೇ ತಿಂಗಳ ಬಿಸಿಲಾಗ ಗಾಳಿ ಕಾದಿರ್ತದಲ್ಲ, ಸದ್ದು ಇನ್ನೂ ಜೋರ್ ಓಡ್ತದ, 7 ಮೀಟರ್ ದಾಟ್ತದ. ನಮ್ ಎರಡು ಕಿವಿ ನಡುವ ಇರೋದು ಒಂದು ಗೇಣು. ಇಷ್ಟುದ್ದ ಅಲಿ ಎಡದಿಂದ ಬಂತಾ ಬಲದಿಂದ ಬಂತಾ ಅಂತ ಕಿವಿಗೆ ಬರೋಬ್ಬರಿ ತಿಳಿಯಂಗಿಲ್ಲ, ಅದಕ್ಕೇ ಬುಡದ ಸದ್ದು ಅಗಲ ಮಾಡಿ ಸಿಗೋ ಲಾಭ ಭಾಳ ಕಮ್ಮಿ, ಕಳ್ಕೊಳ್ಳೋದೇ ಜಾಸ್ತಿ.

ಕಳ್ಕೊಳ್ಳೋದು ಅಂದ್ರ ಹ್ಯಾಂಗ? ಕಾರ್ಯಕ್ರಮದಾಗ ಸಬ್ ಬಾಕ್ಸ್‌ಗೆ (ಬುಡದ ಸದ್ದು ಅಷ್ಟೇ ಬಾರಿಸೋ ದೊಡ್ಡ ಸ್ಪೀಕರ್) ಹೋಗೋ ಸಿಗ್ನಲ್ ಬಹುತೇಕ ಮೊನೊನೇ ಇರ್ತದ, ಎಡ ಬಲ ಕೂಡಿಸೇ ಕಳಿಸ್ತಾರ. ಸಣ್ಣ ಬ್ಲೂಟೂತ್ ಸ್ಪೀಕರ್ ಎಷ್ಟೋ ಮೊನೊ. ಅಂಗಡ್ಯಾಗ, ಹೋಟೆಲ್‌ನ್ಯಾಗ ಗ್ವಾಡಿಗೆ ಹಾಕಿರೋ ಸ್ಪೀಕರ್‌ಗೂ ಬಹಳ ಕಡಿ ಒಂದೇ ಲೈನ್. ಅಲ್ಲಿ ನಿಮ್ ಎಡ ಬಲ ಎರಡೂ ಕೂಡ್ತಾವ. ಎಡ ಚಾನೆಲ್ ಸ್ಪೀಕರ್ ಪರ್ದಾನ ಹೊರಗ ದಬ್ಬೋ ಹೊತ್ತಿಗೆ ಬಲ ಚಾನೆಲ್ ಒಳಗ ಜಗ್ತು ಅಂದ್ರ ಕೂಡಿದ ಮ್ಯಾಲ ಏನೂ ಉಳಿಯಂಗಿಲ್ಲ, ಎತ್ತಿನ ಬಂಡಿಗೆ ಒಂದೆತ್ತು ಮುಂದ ಒಂದೆತ್ತು ಹಿಂದ ಕಟ್ಟಿದಂಗ ಆಗ್ತದ.

ಇದು ಇವತ್ತಿನ ವಿಷಯ ಅಲ್ಲ. ಗ್ರಾಮಫೋನ್ ತಟ್ಟಿ ಕಾಲದಾಗ ಸ್ಟಿರಿಯೊ ತಟ್ಟಿ ಕೊರಿಯುವಾಗ ಬುಡದ ಸದ್ದು ಎಡ ಬಲ ಉಲ್ಟಾ ಇತ್ತು ಅಂದ್ರ ಸೂಜಿ ಮ್ಯಾಲ ಕೆಳಗ ಜಾಸ್ತಿ ಕುಣಿತಿತ್ತು, ಗೀರು ಬಿಟ್ಟು ಹಾರೋದೂ ಇತ್ತು. ಅದಕ್ಕ ತಟ್ಟಿ ಕೊರಿಯೋರು ಬುಡಾನ ನಡುವ ಕೂಡ್ಸಿನೇ ಕೊರಿತಿದ್ರು.

ಮೊನೊ ಮಾಡಿದ ಕೂಡ್ಲೆ ಕಿಕ್ ಸೊರಗಿ ಹೋಯ್ತು ಅಣ್ಣಾ, ಯಾಕ?

ಎಷ್ಟು ಸೊರಗ್ತು ಅನ್ನೋದ್ರ ಮ್ಯಾಲ ಕಾರಣ ಹೇಳಬಹುದು. ಎಡ ಬಲ ಎರಡೂ ಒಂದೇ ಇದ್ರ ಕೂಡ್ಸಿ ಅರ್ಧ ಮಾಡಿದ್ರ ಅಷ್ಟೇ ಇರ್ತದ, ಏನೂ ಕಮ್ಮಿ ಆಗಂಗಿಲ್ಲ. ಎರಡಕ್ಕೂ ಸಂಬಂಧನೇ ಇಲ್ಲಂದ್ರ ಸುಮಾರು 3 ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತಿ) ಇಳೀತದ. ಸದ್ದು ಒಂದೇ ಕಡಿ ಇದ್ದು ಇನ್ನೊಂದು ಕಡಿ ಖಾಲಿ ಇತ್ತಂದ್ರ 6 ಡಿಬಿ. ಅದಕ್ಕಿಂತ ಜಾಸ್ತಿ ಇಳೀತು, ಅದರಾಗೂ ಬುಡ ಅಷ್ಟೇ ಹೋಗಿ ಕ್ಲಿಕ್ಕು ಉಳೀತು ಅಂದ್ರ ಫೇಸ್ ಕಡಿತಾ ಆಗ್ಯದ, ಅಂದ್ರ ಎರಡರ ಅಲಿ ಏರೋ ಇಳಿಯೋ ಹೊತ್ತು ಕೂಡವಲ್ದು, ಎಡ ಬಲ ಒಂದನ್ನೊಂದು ತಿನ್ನಾಕತ್ತಾವ.

ಹಂಗಾದ್ರ ಮಾಸ್ಟರ್ ಮ್ಯಾಲ (ಎಲ್ಲಾ ಟ್ರ್ಯಾಕ್ ಕೂಡಿ ಹೊರಡೋ ಕೊನಿ ಚಾನೆಲ್) ಬಾಸ್ ಮೊನೊ ಬಟನ್ ಒತ್ತಿಬಿಟ್ರ ಮುಗೀತಲ್ಲ?

ಇದನ್ನ ನಾ ಜರಾ ವಿಸ್ತಾರ ಮಾಡಿ ಹೇಳ್ತೀನಿ, ಯಾಕಂದ್ರ ಎಲ್ಲಾ ವಿಡಿಯೊದಾಗ ಬಾಸ್ ಮೊನೊ ಮಾಡ್ರಿ, ಬಾಸ್ ಮೊನೊ ಮಾಡ್ರಿ ಅಂತಾರ, ಅದು ಏನ್ ಮಾಡ್ತದ ಏನ್ ಮಾಡಂಗಿಲ್ಲ ಅಂತ ಹೇಳಂಗಿಲ್ಲ.

ಯಾವುದೇ ಸ್ಟಿರಿಯೊ ಸದ್ದನ್ನ ಎರಡು ಭಾಗ ಮಾಡಬಹುದು. ಎಡ ಬಲ ಕೂಡ್ಸಿ ಅರ್ಧ ಮಾಡಿದ್ರ ಮಿಡ್, ಎಡದಾಗ ಬಲ ಕಳದು ಅರ್ಧ ಮಾಡಿದ್ರ ಸೈಡ್. ಮೊನೊದಾಗ ಕೇಳ್ದಾಗ ಸೈಡ್ ಪೂರಾ ಹೋಗ್ತದ, ಮಿಡ್ ಒಂದೇ ಉಳೀತದ. ಈಗ ಬಾಸ್ ಮೊನೊ ಬಟನ್ ಮಾಡೋದೇನು? ಒಂದು ಫ್ರೀಕ್ವೆನ್ಸಿ ಕೆಳಗ ಇರೋ ಸೈಡ್ ತೆಗೀತದ, ಮಿಡ್‌ಗೆ ಮುಟ್ಟಂಗಿಲ್ಲ. ಅಂದ್ರ ಮೊನೊದಾಗ ನಿಮ್ಗ ಮೊದ್ಲು ಏನ್ ಕೇಳ್ತಿತ್ತೋ, ಬಟನ್ ಒತ್ತಿದ ಮ್ಯಾಲೂ ಅಷ್ಟೇ ಕೇಳ್ತದ. ಎಡ ಬಲ ತಿಂದಾಡಿ ಬುಡ ಸತ್ತಿತ್ತು ಅಂದ್ರ ಈಗ ಅದೇ ಸತ್ತ ಬುಡ ಸ್ಟಿರಿಯೊದಾಗೂ ಕೇಳ್ತದ, ಅಷ್ಟೇ ಫರಕ್.

ಹಂಗಂತ ಆ ಬಟನ್ ಕೆಟ್ಟದ್ದಲ್ಲ. ಮಿಡ್‌ನ್ಯಾಗ ಬುಡ ಗಟ್ಟಿ ಇದ್ದು ಸೈಡ್‌ನ್ಯಾಗ ಜರಾ ಬುಡ ಸೋರಿತ್ತು ಅಂದ್ರ ಅದನ್ನ ಸಾಫ್ ಮಾಡ್ಲಿಕ್ಕೆ ಭಾಳ ಛಲೋ. ಇನ್ನೊಂದು ಉಪಯೋಗ, ಅದನ್ನ ಒತ್ತಿದಾಗ ಹೆಡ್‌ಫೋನ್‌ನ್ಯಾಗೇ ಕಿಕ್ ಸೊರಗ್ತು ಅಂದ್ರ ನಿಮ್ ಸ್ಯಾಂಪಲ್‌ನ್ಯಾಗೇ ಖೋಟ ಅದ ಅಂತ ಅಲ್ಲೇ ಗೊತ್ತಾಗ್ತದ. ಆದ್ರ ರಿಪೇರಿ ಮಾಡ್ಬೇಕಾದ್ದು ಸ್ಯಾಂಪಲ್ ಹತ್ರ ಹೋಗಿ, ಮಾಸ್ಟರ್ ಮ್ಯಾಲ ಅಲ್ಲ.

ಸರಿ, ಸ್ಯಾಂಪಲ್ ರಿಪೇರಿ ಹ್ಯಾಂಗ ಮಾಡೋದು?

ಪೈಲೆ ಎಲ್ಲಾಕ್ಕಿಂತ ಸಸ್ತಾ ದಾರಿ. ಎಡ ಒಂದೇ ಕೇಳ್ರಿ, ಬಲ ಒಂದೇ ಕೇಳ್ರಿ, ಯಾವುದು ಗಟ್ಟಿ ಅದನೋ ಅದನ್ನ ಇಟ್ಕೊಂಡು ಇನ್ನೊಂದು ಒಗೀರಿ. ಕೂಡ್ಸೋದೇ ಇಲ್ಲಂದ ಮ್ಯಾಲ ತಿಂದಾಡೋ ಮಾತೇ ಬರಂಗಿಲ್ಲ. ಹುಡುಗ್ರು ಮೊನೊ ಅಂದ್ರ ಕೂಡ್ಸೋದೇ ಅಂತ ತಿಳ್ಕೊಂಡಾರ, ಒಂದು ಚಾನೆಲ್ ಆರ್ಸೋದೂ ಮೊನೊನೇ. ನಾ ಬಹಳ ಸಲ ಇದನ್ನೇ ಮಾಡ್ತೀನಿ.

ಎರಡೂ ಚಾನೆಲ್ ಬೇಕೇ ಬೇಕು ಅಂದ್ರ ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡ್ರಿ. ಮೊದಲ್ನೇ ದೊಡ್ಡ ಅಲಿ ಎಡಕ್ಕ ಮ್ಯಾಲ ಏರಿ ಬಲಕ್ಕ ಕೆಳಗ ಇಳಿದಿತ್ತು ಅಂದ್ರ ಪೊಲಾರಿಟಿ ಉಲ್ಟಾ ಅದ, ಒಂದನ್ನ ಇನ್ವರ್ಟ್ ಮಾಡಿದ್ರ ಕಿಕ್ ಎದ್ದು ಕುಂದರ್ತದ. ಎರಡೂ ಮ್ಯಾಲೇ ಏರ್ಯಾವ ಆದ್ರ ಒಂದು ಜರಾ ತಡ ಅದ ಅಂದ್ರ ಅದನ್ನ ಮುಂದ ಜಗ್ಗಿ ಜೋಡಿಸ್ರಿ. 44.1 ಕಿಲೊಹರ್ಟ್ಜ್ ಫೈಲ್‌ನ್ಯಾಗ 1 ಮಿಲಿಸೆಕೆಂಡ್ ಅಂದ್ರ ಸುಮಾರು 44 ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಅಂದ್ರ ವೇವ್‌ಫಾರ್ಮ್‌ನ ಒಂದೊಂದು ಸಣ್ಣ ಬಿಂದು), ಆ ಲೆಕ್ಕದಾಗ ಸರಸ್ರಿ. ಕೋರಸ್, ಫ್ಲ್ಯಾಂಜರ್ ಹಾಕಿ ಮಾಡಿದ್ದಿತ್ತು ಅಂದ್ರ ಸರ್ಸಿದ್ರೂ ಕೂಡಂಗಿಲ್ಲ, ಯಾಕಂದ್ರ ತಡ ಅನ್ನೋದು ಒಂದೇ ಸಮ ಇರಂಗಿಲ್ಲ ಅದ್ರಾಗ, ಏರ್ತದ ಇಳೀತದ. ಆ ಸ್ಯಾಂಪಲ್ ಬಿಟ್ಟು ಬ್ಯಾರೆ ತಗೊಳ್ರಿ, ಒಂದು ಕಿಕ್ ಸಲುವಾಗಿ ಅರ್ಧ ರಾತ್ರಿ ಕಳಿಬ್ಯಾಡ್ರಿ.

ಯಾವ ಸಾಫ್ಟ್‌ವೇರ್‌ನ್ಯಾಗ ಯಾವ ಬಟನ್?

ರೀಪರ್‌ನ್ಯಾಗ ಸ್ಯಾಂಪಲ್ ಆಯ್ಕೊಂಡು ಎಫ್2 ಒತ್ರಿ, ಚಾನೆಲ್ ಮೋಡ್‌ನ್ಯಾಗ ಮೊನೊ ಡೌನ್‌ಮಿಕ್ಸ್, ಮೊನೊ ಲೆಫ್ಟ್, ಮೊನೊ ರೈಟ್ ಮೂರೂ ಅವ, ಒಂದೊಂದೇ ಬದಲಿ ಮಾಡಿ ಕೇಳ್ಲಿಕ್ಕೆ ಇದಕ್ಕಿಂತ ಸುಲಭ ಇಲ್ಲ. ಏಬಲ್ಟನ್ ಲೈವ್‌ನ್ಯಾಗ ಯುಟಿಲಿಟಿ ಹಾಕ್ರಿ, ಮೊನೊ ಬಟನ್ ಅದ, ಬಾಸ್ ಮೊನೊ ಅದ, ಎಡ ಒಂದೇ ಬಲ ಒಂದೇ ತಗೊಳ್ಳೋದೂ ಅದ. ಎಫ್ಎಲ್ ಸ್ಟುಡಿಯೊದಾಗ ಮಿಕ್ಸರ್ ಟ್ರ್ಯಾಕ್‌ನ್ಯಾಗ ಸ್ಟಿರಿಯೊ ಸೆಪರೇಷನ್ ನಾಬ್ ಇರ್ತದ, ಬಲಕ್ಕ ಪೂರಾ ತಿರುವಿದ್ರ ಮೊನೊ, ಎಡಕ್ಕ ತಿರುವಿದ್ರ ಇನ್ನೂ ಅಗಲ. ಬಹಳ ಮಂದಿ ಇದನ್ನ ಉಲ್ಟಾ ತಿಳ್ಕೊಂಡು ಕಿಕ್ ಅಗಲ ಮಾಡಿಟ್ಟಿರ್ತಾರ, ತಿರುವುವಾಗ ಮ್ಯಾಲ ಏನ್ ಬರೀತದ ಓದ್ರಿ. ಲಾಜಿಕ್‌ನ್ಯಾಗ ಗೇನ್ ಪ್ಲಗಿನ್‌ನ್ಯಾಗ ಮೊನೊ ಅದ. ಆಡಾಸಿಟಿದಾಗ ಟ್ರ್ಯಾಕ್ಸ್ ಮೆನು, ಮಿಕ್ಸ್, ಅಲ್ಲಿ ಮಿಕ್ಸ್ ಸ್ಟಿರಿಯೊ ಡೌನ್ ಟು ಮೊನೊ.

ಮೊನೊ ಫೈಲ್ ಹಾಕಿದ್ರ ಅದೇ ಕಿಕ್ 3 ಡಿಬಿ ಕಮ್ಮಿ ಬರ್ತದ. ಇದೂ ಫೇಸ್ ತ್ರಾಸೇನು?

ಅಲ್ರಿ, ಇದು ಪ್ಯಾನ್ ಲಾ. ಸುಮಾರು ಸಾಫ್ಟ್‌ವೇರ್‌ನ್ಯಾಗ ಮೊನೊ ಟ್ರ್ಯಾಕ್ ನಡುವ ಇಟ್ಟಾಗ ಎರಡೂ ಸ್ಪೀಕರ್‌ನಿಂದ ಬರೋ ಸದ್ದು ಕೂಡಿ ಜಾಸ್ತಿ ಆಗಬಾರ್ದು ಅಂತ ತಾನೇ 3 ಡಿಬಿ ಇಳಿಸ್ತದ. ಸ್ಟಿರಿಯೊ ಫೈಲ್‌ಗೆ ಹಂಗ ಮಾಡಂಗಿಲ್ಲ. ಸದ್ದಿನ ಗುಣ ಬದಲಾಗಿಲ್ಲ, ಫೇಡರ್ ಏರ್ಸಿಕೊಳ್ರಿ. ಆದ್ರ ಒಂದು ಮಾತು, ಮೊನೊ ಛಲೋನೋ ಸ್ಟಿರಿಯೊ ಛಲೋನೋ ಅಂತ ಹೋಲ್ಸಿ ನೋಡುವಾಗ ಪೈಲೆ ಎರಡರ ವಾಲ್ಯೂಮ್ ಸಮ ಮಾಡ್ರಿ. ಜೋರಾಗಿರೋದು ಯಾವಾಗ್ಲೂ ಛಲೋ ಅಂತ ಕಿವಿ ಹೇಳ್ತದ, ಅದಕ್ಕ ಮೋಸ ಹೋಗಬ್ಯಾಡ್ರಿ.

ಗುಂಗು ಇರೋ ಸ್ಟಿರಿಯೊ ಕಿಕ್ ನನಗ ಭಾಳ ಮೆಚ್ಚು. ಅದನ್ನ ಉಳ್ಸ್ಕೊಂಡು ಬುಡ ಗಟ್ಟಿ ಮಾಡ್ಬೇಕು.

ಮಾಡಬಹುದು, ನನಗೂ ಅಂಥ ಕಿಕ್ ಸೇರ್ತಾವ. ಮಿಡ್ ಸೈಡ್ ಇರೋ ಇಕ್ಯೂ ತಗೊಂಡು ಸೈಡ್ ಮ್ಯಾಲ ಅಷ್ಟೇ 150 ಹರ್ಟ್ಜ್ ಆಸುಪಾಸು ಲೋ ಕಟ್ (ಅದರ ಕೆಳಗಿನ ಸದ್ದು ಕತ್ತರ್ಸೋ ಫಿಲ್ಟರ್) ಹಾಕ್ರಿ. ಏಬಲ್ಟನ್‌ನ ಇಕ್ಯೂ ಏಟ್‌ನ್ಯಾಗ ಈ ಮೋಡ್ ಅದ. ಸೈಡ್‌ಗೆ ಏನ್ ಮಾಡಿದ್ರೂ ಮೊನೊ ಸದ್ದಿಗೆ ಧಕ್ಕಿ ಇಲ್ಲ ಅಂತ ಮ್ಯಾಲೇ ಹೇಳಿನಲ್ಲ, ಅದಕ್ಕ ಇಲ್ಲಿ ಧೈರ್ಯ ಮಾಡಿ ಕಟ್ ಮಾಡ್ರಿ, 200ರ ತನಕ ಹೋದ್ರೂ ನಡೀತದ.

ಮಿಡ್ ಸೈಡ್ ಇಲ್ಲಂದ್ರ ಸ್ಯಾಂಪಲ್ ಎರಡು ಕಾಪಿ ಮಾಡ್ರಿ. ಒಂದನ್ನ ಮೊನೊ ಮಾಡಿ ಬುಡ ಅಷ್ಟೇ ಬಿಡ್ರಿ, ಇನ್ನೊಂದರ ಬುಡ ಕತ್ತರ್ಸಿ ಸ್ಟಿರಿಯೊ ಬಿಡ್ರಿ. ಇಲ್ಲಿ ಮಾತ್ರ ಹುಷಾರ್, ಫಿಲ್ಟರ್ ಹಾಕಿದಲ್ಲಿ ಫೇಸ್ ತಿರುಗ್ತದ, ಎರಡೂ ಕೂಡೋ ಜಾಗದಾಗ ಒಂದು ತಗ್ಗು ಬೀಳಬಹುದು. ಒಂದರ ಪೊಲಾರಿಟಿ ಉಲ್ಟಾ ಸೀದಾ ಮಾಡಿ ಯಾವುದು ದಪ್ಪ ಕೇಳ್ತದ ಅದನ್ನ ಇಡ್ರಿ.

ಗುಂಗು ನೀವೇ ಹಾಕೋದಿತ್ತು ಅಂದ್ರ ಇಷ್ಟೆಲ್ಲಾ ಬ್ಯಾಡ. ಒಣ ಮೊನೊ ಕಿಕ್ ತಗೊಂಡು ರಿವರ್ಬ್ (ಗುಂಗು ಕೂಡ್ಸೋ ಎಫೆಕ್ಟ್) ಬ್ಯಾರೆ ಸೆಂಡ್‌ನ್ಯಾಗ, ಅಂದ್ರ ಪಕ್ಕದ ಬ್ಯಾರೆ ಚಾನೆಲ್‌ನ್ಯಾಗ ಇಡ್ರಿ, ರಿವರ್ಬ್ ಮುಂದ ಲೋ ಕಟ್ ಹಾಕ್ರಿ. ಕಿಕ್ ಒಂದು ಕಡಿ, ಅಗಲ ಒಂದು ಕಡಿ, ಎರಡೂ ನಿಮ್ ಕೈಯಾಗ.

ಒಂದು ಕಡಿ 10 ಮಿಲಿಸೆಕೆಂಡ್ ತಡ ಮಾಡಿದ್ರ ಕಿಕ್ ದೊಡ್ಡದಾಗ್ತದ ಅಂತಾರಲ್ಲ?

ಹೆಡ್‌ಫೋನ್‌ನ್ಯಾಗ ಆಗ್ತದ ಖರೆ. ಲೆಕ್ಕ ಹಾಕಿ ನೋಡ್ರಿ. 50 ಹರ್ಟ್ಜ್‌ನ ಒಂದು ಸುತ್ತು 20 ಮಿಲಿಸೆಕೆಂಡ್. ಅದರ ಅರ್ಧ 10. ಅಂದ್ರ ಬಲ ಚಾನೆಲ್ 10 ಮಿಲಿಸೆಕೆಂಡ್ ತಡ ಮಾಡಿದ್ರ ಎಡಕ್ಕ ಅಲಿ ಏರುವಾಗ ಬಲಕ್ಕ ಇಳೀತಿರ್ತದ, ಮೊನೊದಾಗ 50 ಹರ್ಟ್ಜ್ ಹೋಯ್ತು, ಹಂಗೇ 150, 250 ಎಲ್ಲಾ ಹೋದವು. ಕಿಕ್‌ನ ಜೀವ ಇರೋ ಜಾಗಕ್ಕೇ ಏಟು. 5 ಮಿಲಿಸೆಕೆಂಡ್ ಮಾಡಿದ್ರ 100 ಹರ್ಟ್ಜ್ ಹೋಗ್ತದ. ಗಿಟಾರ್‌ಗೋ, ಹಿಂದಿನ ಕೋರಸ್ ದನಿಗೋ ಈ ತಂತ್ರ ಹಾಕ್ರಿ, ಕಿಕ್‌ಗೆ ಕೈ ಹಚ್ಚಬ್ಯಾಡ್ರಿ.

ಎರಡು ಮೂರು ಕಿಕ್ ಒಂದರ ಮ್ಯಾಲ ಒಂದು ಕೂಡ್ಸಿ ಲೇಯರ್ ಮಾಡುವಾಗ?

ಬುಡಕ್ಕ ಒಂದೇ ಸ್ಯಾಂಪಲ್, ಅದು ಮೊನೊ. ಇದ್ರಾಗ ರಿಯಾಯಿತಿ ಇಲ್ಲ. ಎರಡು ಬುಡ ಕೂಡ್ಸಿದ್ರ ಎರಡೂ ಮೊನೊ ಇದ್ರೂ ತಿಂದಾಡ್ತಾವ, ಫೇಸ್ ತ್ರಾಸ ಅನ್ನೋದು ಎಡ ಬಲದ ನಡುವನೇ ಆಗ್ಬೇಕು ಅಂತಿಲ್ಲ. ಮ್ಯಾಲಿನ ಕ್ಲಿಕ್ಕಿಗೆ 2ರಿಂದ 5 ಕಿಲೊಹರ್ಟ್ಜ್ ಜಾಗದ್ದು ಇನ್ನೊಂದು, ಅದು ಸ್ಟಿರಿಯೊ ಇದ್ರೂ ನಡೀತದ. ಬಾಸ್ ಲೈನ್ ಜೋಡಿನೂ ಇದೇ ಪರೀಕ್ಷಾ ಮಾಡ್ರಿ, ಕಿಕ್ಕೂ ಬಾಸೂ ಕೂಡಿ ಬರೋ ಜಾಗದಾಗ ಕಿಕ್ ಪೊಲಾರಿಟಿ ಒಮ್ಮಿ ತಿರುವಿ ನೋಡ್ರಿ, ಯಾವ ಕಡಿ ಎದಿಗೆ ಬಡೀತದೋ ಆ ಕಡಿ ಇಡ್ರಿ.

808 ಕಿಕ್ ಮೊನೊನೋ ಸ್ಟಿರಿಯೊನೋ?

ರೋಲ್ಯಾಂಡ್ ಕಂಪನಿ ಟಿಆರ್ 808 ಅನ್ನೋ ಡ್ರಮ್ ಯಂತ್ರ ತಂದಿದ್ದು 1980ರಾಗ, ಅದರ ಕಿಕ್ ಒಂದು ಸರ್ಕ್ಯೂಟ್‌ನಿಂದ ಹುಟ್ಟೋ ಸದ್ದು, ಮೊನೊನೇ. ಈಗ ಸಿಗೋ 808 ಸ್ಯಾಂಪಲ್‌ಗೆ ಡಿಸ್ಟಾರ್ಷನ್, ಕೋರಸ್ ಎಲ್ಲಾ ಹಾಕಿ ಅಗಲ ಮಾಡಿರ್ತಾರ. ಡಿಸ್ಟಾರ್ಷನ್‌ನಿಂದ ಹುಟ್ಟಿದ ಹಾರ್ಮೋನಿಕ್ಸ್, ಅಂದ್ರ ಮೂಲ ಸದ್ದಿನ ಜೋಡಿ ಏಳೋ ಮ್ಯಾಲಿನ ಸದ್ದು, ಅಗಲ ಇದ್ರ ಅಡ್ಡಿ ಇಲ್ಲ, ಬುಡ ಮಾತ್ರ ನಡುವ ಬೇಕು. 808 ಉದ್ದಕ ಗುನುಗ್ತದಲ್ಲ, ಬುಡ ತಿಂದಾಡಿದ್ರ ಪೂರಾ ಹಾಡೇ ಪೊಳ್ಳು ಕೇಳ್ತದ, ಸಣ್ಣ ಕಿಕ್‌ಕ್ಕಿಂತ ಇದ್ರಾಗ ತ್ರಾಸ ಎದ್ದು ಕಾಣ್ತದ.

ನಮ್ ಡೊಳ್ಳು, ಹಲಗಿ, ಢೋಲಕ್ ರೆಕಾರ್ಡ್ ಮಾಡಿ ಕಿಕ್ ಮಾಡ್ಬೇಕಂತೀನಿ. ಮೈಕ್ ಎಷ್ಟು ಇಡ್ಲಿ?

ಈ ಪ್ರಶ್ನೆ ಕೇಳಿದ್ರ ನನಗ ಭಾಳ ಖುಷಿ. ಹೊರಗಿನ ಪ್ಯಾಕ್ ಹಾಕಿದ್ರ ಎಲ್ಲಾರ ಹಾಡೂ ಒಂದೇ ಥರ ಕೇಳ್ತಾವ. ಮೊಹರಂ ದಿನದಾಗ ಬಡಿಯೋ ಹಲಗಿ, ಕಲಬುರಗಿ ಬಂದೇ ನವಾಜ್ ಉರುಸಿನ ಕವ್ವಾಲಿ ಢೋಲಕ್, ಜಾತ್ರಿ ಡೊಳ್ಳು, ಇಷ್ಟು ಸದ್ದು ನಮ್ ಮನಿ ಬಾಗಲದಾಗೇ ಅವ.

ಹಲಗಿಗೆ ಚರ್ಮ ಒಂದೇ ಕಡಿ, ಒಂದು ಮೈಕ್ ಸಾಕು, ಮೊನೊ ರೆಕಾರ್ಡ್ ಮಾಡ್ರಿ. ಅದ್ರಾಗ ಬುಡ ಕಮ್ಮಿ, ಏಟಿನ ಗುಣ ಜಾಸ್ತಿ, ಅದಕ್ಕ ಕಿಕ್‌ನ ಮ್ಯಾಲಿನ ಲೇಯರ್‌ಗೆ ಹಾಕಿದ್ರ ಬೀಟ್ ನಮ್ದೇ ಅಂತ ತಿಳೀತದ. ಢೋಲಕ್‌ನ್ಯಾಗ ದಪ್ಪ ಸದ್ದಿನ ಕಡಿ ಒಂದೇ ಮೈಕ್ ಇಟ್ರ ಕಿಕ್‌ಗೆ ಬೇಕಾದ್ದು ಸಿಗ್ತದ.

ಡೊಳ್ಳಿನ್ಯಾಗ ಎರಡು ಮುಖ, ಅದಕ್ಕ ಹುಡುಗ್ರು ಎರಡೂ ಕಡಿ ಮೈಕ್ ಇಡ್ತಾರ, ಎಡ ಬಲ ಪ್ಯಾನ್ ಮಾಡ್ತಾರ, ಸ್ಟಿರಿಯೊ ಕಿಕ್ ತಯಾರಾಯ್ತು ಅಂತಾರ. ಈಗ ಆ ಚರ್ಮ ಏನ್ ಮಾಡ್ತದ ವಿಚಾರ ಮಾಡ್ರಿ. ಬಲಕ್ಕ ಏಟು ಬಿದ್ದಾಗ ಬಲಗಡಿ ಚರ್ಮ ಒಳಗ ಹೋಗ್ತದ, ಅಂದ್ರ ಅಲ್ಲಿನ ಮೈಕ್‌ನಿಂದ ದೂರ. ಒಳಗಿನ ಗಾಳಿ ಎಡಗಡಿ ಚರ್ಮಾನ ಹೊರಗ ದಬ್ತದ, ಅಂದ್ರ ಎಡ ಮೈಕಿನ ಕಡಿಗೆ. ಒಂದೇ ಏಟು, ಆದ್ರ ಒಂದು ಮೈಕಿಗೆ ಸೀದಾ, ಇನ್ನೊಂದಕ್ಕ ಉಲ್ಟಾ. ಹಂಗೇ ಕೂಡ್ಸಿದ್ರ ಡೊಳ್ಳಿನ ಗತ್ತೇ ಮಾಯ. ಒಂದು ಮೈಕಿನ ಪೊಲಾರಿಟಿ ತಿರುವ್ರಿ, ಕೂಡ್ಸಿ ಕೇಳ್ರಿ, ದಪ್ಪಾಗ್ತದ. ಆಮ್ಯಾಲ ಬೇಕಂದ್ರ ಜರಾ ಪ್ಯಾನ್ ಮಾಡ್ರಿ. ಕಿಕ್ ಒಂದೇ ಬೇಕು ಅಂದ್ರ ದಪ್ಪ ಮುಖದ ಮೈಕ್ ಒಂದೇ ಇಟ್ಕೊಳ್ರಿ.

ಮೊಬೈಲ್‌ನ್ಯಾಗ ರೆಕಾರ್ಡ್ ಮಾಡೋರಿಗೆ, ಫೋನ್ ತಾನೇ ಸದ್ದು ಏರ್ಸಿ ಇಳಿಸ್ತಿರ್ತದ, ಡೊಳ್ಳಿನ ಮೊದಲ್ನೇ ಏಟಿಗೇ ಒತ್ತಿಬಿಡ್ತದ. ದೂರ ನಿಂತು ಮಾಡ್ರಿ, ಏಟು ಏಟಿನ ನಡುವ ಜರಾ ತಡ ಬಿಟ್ಟು ಬಡಿಲಿಕ್ಕೆ ಹೇಳ್ರಿ.

ನನ್ ಹತ್ರ ಸ್ಪೀಕರ್ ಇಲ್ಲ, ಬರೇ ಹೆಡ್‌ಫೋನ್. ಹ್ಯಾಂಗ ಪರೀಕ್ಷಾ ಮಾಡ್ಲಿ?

ಹೆಡ್‌ಫೋನ್‌ನ್ಯಾಗ ಎಡ ಬಲ ಗಾಳಿಯೊಳಗ ಕೂಡೋದೇ ಇಲ್ಲ, ಎಡ ಎಡ ಕಿವಿಗೆ, ಬಲ ಬಲ ಕಿವಿಗೆ, ಅದಕ್ಕೇ ಅಲ್ಲಿ ಫೇಸ್ ತ್ರಾಸ ಅಡಗಿ ಕುಂತಿರ್ತದ. ಮಾಸ್ಟರ್ ಕೊನಿಗೆ ಒಂದು ಮೊನೊ ಬಟನ್ ಇಡ್ರಿ, ಕೆಲಸ ಮಾಡ್ತಾ ಮಾಡ್ತಾ ಆಗಾಗ ಒತ್ತಿ ಕೇಳ್ರಿ. ಅಗಲ ಹೋಗ್ಬೇಕು, ತಾಕತ್ತು ಹೋಗಬಾರ್ದು.

ಫೋನ್ ಸ್ಪೀಕರ್‌ನ್ಯಾಗ ಕೇಳೋದೂ ಬೇಕು, ಆದ್ರ ಅದು ಬ್ಯಾರೆ ಪರೀಕ್ಷಾ. ಅಷ್ಟು ಸಣ್ಣ ಸ್ಪೀಕರ್ 50 ಹರ್ಟ್ಜ್ ಹೊರಡ್ಸಂಗಿಲ್ಲ, ಅಲ್ಲಿ ಕಿಕ್ ಕೇಳ್ಸೋದು ಕ್ಲಿಕ್ಕಿನಿಂದ, ಮ್ಯಾಲಿನ ಹಾರ್ಮೋನಿಕ್ಸ್‌ನಿಂದ. ಫೋನ್‌ನ್ಯಾಗ ಛಲೋ ಕೇಳ್ತು ಅಂತ ಬುಡ ಸರಿ ಅದ ಅಂತ ತಿಳ್ಕೋಬ್ಯಾಡ್ರಿ.

ಜಾತ್ರಿ, ಗಣಪತಿ ಮೆರವಣಿಗಿ ಬಾಕ್ಸ್‌ಗೆ ಹಾಡು ಮಾಡೋರಿಗೆ ಬ್ಯಾರೆ ಏನಾರ ಅದಾ?

ಅದ. ಎಡಕ್ಕೊಂದು ಸಬ್ ಗುಂಪು ಬಲಕ್ಕೊಂದು ಸಬ್ ಗುಂಪು ಇಟ್ಟಾಗ ಒಂದೇ ಮೊನೊ ಸಿಗ್ನಲ್ ಕೊಟ್ರೂ ನಡುವ ನಿಂತೋರಿಗೆ ಜೋರ್, ಅಡ್ಡ ಸರಿದೋರಿಗೆ ಕೆಲವು ಜಾಗದಾಗ ಕಮ್ಮಿ ಕೇಳ್ತದ, ಎರಡೂ ಕಡಿ ಸದ್ದು ಬೇರೆ ಬೇರೆ ಹೊತ್ತಿಗೆ ಮುಟ್ತದಲ್ಲ ಅದಕ್ಕ. ಇದು ಸೌಂಡ್‌ನೋರ ಕೆಲಸ, ಅವ್ರು ಬಾಕ್ಸ್ ಒಟ್ಟಿಗೆ ಇಟ್ಟು ಸುಧಾರಿಸ್ಕೊಳ್ತಾರ. ಇದ್ರ ಮ್ಯಾಲ ನಿಮ್ ಕಿಕ್ಕೂ ಎಡ ಬಲ ಬ್ಯಾರೆ ಇತ್ತಂದ್ರ ಯಾರ ಕೈಲೂ ಸುಧಾರ್ಸೋದಾಗಂಗಿಲ್ಲ. ಇಂಥ ಹಾಡಿಗೆ ಕಿಕ್ಕೂ ಬಾಸೂ ಎರಡೂ ಪಕ್ಕಾ ಮೊನೊ ಕೊಡ್ರಿ. ಶರಣಬಸವೇಶ್ವರ ಜಾತ್ರಿ ಗದ್ದಲದಾಗ ಕೇಳೋ ಮಂದಿಗೆ ನಿಮ್ ಸ್ಟಿರಿಯೊ ಅಗಲ ಅಲ್ಲ, ಧಮ್ ಬೇಕು.

ರೇಡಿಯೊದಾಗ ಹಾಡು ಬಂದ್ರ?

ಎಫ್ಎಂ ಸ್ಟಿರಿಯೊ ಪ್ರಸಾರದಾಗ ಎಡ ಬಲ ಕೂಡಿದ್ದು ಮುಖ್ಯ ಸಿಗ್ನಲ್, ಎರಡರ ಫರಕ್ 38 ಕಿಲೊಹರ್ಟ್ಜ್ ಮ್ಯಾಲ ಬ್ಯಾರೆ ಹೋಗ್ತದ. ಸಿಗ್ನಲ್ ಕಮ್ಮಿ ಇದ್ದಲ್ಲಿ ರೇಡಿಯೊ ಆ ಫರಕ್ ಬಿಟ್ಟು ಮೊನೊ ಆಗಿಬಿಡ್ತದ. ಊರ ಹೊರಗ ಹೊಲದಾಗ ಕೇಳೋರಿಗೆ ನಿಮ್ ಮಿಡ್ ಅಷ್ಟೇ ಮುಟ್ತದ. ಆಕಾಶವಾಣಿ ಕಲಬುರಗಿ ಕೇಂದ್ರಕ್ಕ ಹಾಡು ಕೊಡೋ ಆಸೆ ಇದ್ದೋರು ಮೊನೊ ಬಟನ್ ಒತ್ತಿ ಪೂರಾ ಹಾಡು ಒಮ್ಮಿ ಕೇಳಿಯೇ ಕೊಡ್ರಿ.

ಮೊನೊ ಮಾಡಿದ್ರ ಕಂಪ್ಯೂಟರ್ ಹಗುರ ಆಗ್ತದೇನು?

ಜರಾ. 24 ಬಿಟ್, 44.1 ಕಿಲೊಹರ್ಟ್ಜ್‌ನ್ಯಾಗ ಒಂದು ಸೆಕೆಂಡ್ ಮೊನೊ ಸುಮಾರು 132 ಕೆಬಿ, ಸ್ಟಿರಿಯೊ ಅದರ ಎರಡರಷ್ಟು. ಒಂದು ಕಿಕ್‌ಗೆ ಏನೂ ಅಲ್ಲ. ಫೋನ್‌ನ್ಯಾಗ ಬೀಟ್ ಮಾಡೋರು, ದೊಡ್ಡ ಕಿಟ್ ಕಟ್ಟೋರಿಗೆ ಉಪಯೋಗ ಆದೀತು.

ಕಿಕ್ ಒಂದು ಕಡಿ ಪ್ಯಾನ್ ಮಾಡೋದು ತಪ್ಪೇ ಏನು?

ತಪ್ಪು ಅಂತ ಯಾರ್ ಹೇಳ್ತಾರ್ರಿ. ಹಾಡಿನ ಶುರುವಾತ್‌ಗೆ, ಇಲ್ಲಾ ನಡುವ ಒಂದು ಕಡಿ ಸಣ್ಣ ಕಿಕ್ ಒಂದು ಮೂಲಿಯಿಂದ ಬರ್ಲಿ ಅಂದ್ರ ಮಾಡ್ರಿ, ಬುಡ ಕತ್ತರ್ಸಿ ಮಾಡ್ರಿ. ನಾಟಕಕ್ಕ, ಕಿರುಚಿತ್ರಕ್ಕ ಸದ್ದು ಮಾಡುವಾಗ ಅಗಲ ಗುಡುಗಿನಂಥ ಕಿಕ್ ಬೇಕಾಗ್ತದ, ಅಲ್ಲಿ ಸ್ಟಿರಿಯೊನೇ ಛಲೋ. ಕುಣಿಯೋ ಹಾಡಿನ ಮುಖ್ಯ ಕಿಕ್ ಮಾತ್ರ ನಡುವಿನಿಂದ ಸರಸಬ್ಯಾಡ್ರಿ.

ಮೊನೊ ಮಾಡಿದ ಫೈಲ್ ಹ್ಯಾಂಗ ಉಳಿಸ್ಕೊಳ್ಳಿ?

ವೇವ್ 24 ಬಿಟ್‌ನ್ಯಾಗ, ಎಂಪಿ3 ಮಾಡಬ್ಯಾಡ್ರಿ. ಎಕ್ಸ್‌ಪೋರ್ಟ್ ಮಾಡುವಾಗ ಚಾನೆಲ್ ಮೊನೊ ಅಂತ ಆಯ್ಕಿ ಮಾಡ್ರಿ, ಇಲ್ಲಂದ್ರ ಮತ್ತ ಹೆಸರಿಗೆ ಸ್ಟಿರಿಯೊ ಆಗಿ ಕುಂದರ್ತದ. ಸ್ಯಾಂಪಲ್ ಶುರು ಆಗೋ ಜಾಗ ಸೊನ್ನಿ ಗೆರಿ ಮ್ಯಾಲೇ ಇರ್ಲಿ, ನಡುವ ಕತ್ತರ್ಸಿದ್ರ ಬ್ಯಾಡಾದ ಟಿಕ್ ಬರ್ತದ. ಅಸಲಿ ಸ್ಟಿರಿಯೊ ಫೈಲ್ ಅಳಿಸಬ್ಯಾಡ್ರಿ, ಹೊಸಾದಕ್ಕ ಹೆಸರಿನ ಕೊನಿಗೆ ಮೊನೊ ಅಂತ ಬರೀರಿ, ಯಾವ ಚಾನೆಲ್‌ನಿಂದ ತಗೊಂಡ್ರಿ ಅಂತನೂ ಬರೀರಿ, ಎಡ, ಬಲ, ಕೂಡ್ಸಿದ್ದು ಅಂತ. ಆರು ತಿಂಗಳು ಬಿಟ್ಟು ಅದೇ ಹಾಡು ತೆಗೆದಾಗ ಹುಡುಕಾಡೋದು ತಪ್ತದ.